ಎದ್ದುಹೋಗುವ ಅಣ್ಣ

ಲೋಟೊಪೆಕಾ ಊರಿನ ಹೆಂಗಸರು ನಾರುಬಟ್ಟೆ ಬಡಿಯಲು ಕೂತರೆ ಕಡಲಿಗೆ ಹೋದ ಮೀನುಗಾರರಿಗೂ ಕೇಳಿಸುತ್ತದೆ. ಮರದ ದಿಮ್ಮಿಯ ಮೇಲೆ ತೊಗಟೆ, ತೊಗಟೆಯ ಮೇಲೆ ಕೊಡತಿ, ಕೊಡತಿಯ ಸದ್ದಿನ ಮೇಲೆ ನಗು. ಆ ನಗುವಿನ ಮುಕ್ಕಾಲು ಪಾಲು ಲುಪೆಯ ಬಾಯಿಂದ ಹುಟ್ಟಿದ್ದು.

"ಏನೇ ಲುಪೆ, ಐವತ್ತಾಯ್ತು. ಇನ್ನೂ ಒಂದು ಗಂಡು ಸಿಗಲಿಲ್ವಾ ನಿಂಗೆ?" ಎಂದು ಯಾರಾದರೂ ಕೆಣಕಿದರೆ ಸಾಕು.

"ಸಿಕ್ಕಿದ್ದ ಕಣಕ್ಕ, ನಿನ್ನ ಗಂಡನೇ. ಅವನ ಗೊರಕೆ ಕೇಳಿ ಬೆಳಗಾಗೋದ್ರೊಳಗೆ ವಾಪಸ್ ಕಳಿಸ್ದೆ."

ಹೆಂಗಸರು ದಿಮ್ಮಿಯ ಮೇಲೆ ಬಿದ್ದು ಬಿದ್ದು ನಗುತ್ತಾರೆ. ಎಪ್ಪತ್ತೆಂಟರ ಹೌಕಿ ಅಜ್ಜಿ ಮಾತ್ರ ಹುಸಿಕೋಪದಿಂದ, "ಬಾಯಿಗೆ ಬೀಗ ಹಾಕೇ, ಅಂಟು ಆರ್ತಾ ಇದೆ" ಎಂದು ಗದರುತ್ತಾಳೆ. ಆ ಗುಂಪಿಗೆ ಯಜಮಾನಿ ಅವಳು. ತೊಗಟೆಯ ಯಾವ ಹಾಳೆ ಎಲ್ಲಿ ಕೂಡಬೇಕು, ಕಂದು ಬಣ್ಣ ಎಷ್ಟು ಕುದಿಯಬೇಕು ಎಂಬುದನ್ನು ಲುಪೆಗೆ ಹತ್ತು ವರ್ಷದವಳಿದ್ದಾಗಲೇ ಕಲಿಸಿದವಳು ಅವಳೇ.

ಚರ್ಚಿನ ದಾಖಲೆಯಲ್ಲಿ ಲುಪೆ ಇವತ್ತಿಗೂ ಲೂಪೆನಿ. ಲವಿನಿಯಾಳ ಎರಡನೆಯ ಮಗ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಇಂಥವರನ್ನು ನಮ್ಮ ಟೊಂಗಾ ದ್ವೀಪಗಳಲ್ಲಿ ಲೇತಿ ಅನ್ನುತ್ತೇವೆ. ಪ್ರತಿ ಊರಿಗೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಮದುವಣಗಿತ್ತಿಗೆ ಹೂ ಮುಡಿಸಲು ಅವರು ಬೇಕು, ಹಾಸಿಗೆ ಹಿಡಿದ ತಾಯಿಯ ಮೈ ಒರೆಸಲು ಅವರು ಬೇಕು, ಹಬ್ಬದಲ್ಲಿ ಎಲ್ಲರನ್ನೂ ನಗಿಸಲು ಅವರೇ ಬೇಕು. ಆದರೆ ಯಾರ ಮನೆಗಾದರೂ ಹೋಗಿ ಗೋಡೆಯ ಮೇಲಿನ ಕುಟುಂಬದ ಪಟ ನೋಡಿ. ಅದರಲ್ಲಿ ಅವರಿರುವುದಿಲ್ಲ. ಪಟ ತೆಗೆಯುವ ಹೊತ್ತಿಗೆ ಅವರು ಒಲೆಯ ಹತ್ತಿರ ಇರುತ್ತಾರೆ.

ಸಂಜೆ ಐದಕ್ಕೆ ಹೆಂಗಸರು ಕೊಡತಿ ಕೆಳಗಿಟ್ಟು ಮಕ್ಕಳು ಮೊಮ್ಮಕ್ಕಳೆಂದು ಎದ್ದುಹೋಗುತ್ತಾರೆ. ಲುಪೆ ತನ್ನ ಒಂದೇ ಕೋಣೆಯ ಮನೆಗೆ ಬಂದು, ದೀವಿಹಲಸು ಸುಟ್ಟುಕೊಂಡು, ಯಾರನ್ನೂ ನಗಿಸದೆ ಕೂರುತ್ತಾಳೆ. ಇಡೀ ಊರನ್ನು ನಗಿಸಿದ ಬಾಯಿಗೆ ಮನೆಯಲ್ಲಿ ಒಂದು ಮಾತಿಗೂ ಗತಿಯಿಲ್ಲ. ಮೂವತ್ತೊಂದು ವರ್ಷ ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು. ಗಂಡನೂ ಅಲ್ಲ, ದುಡ್ಡೂ ಅಲ್ಲ. ಅಣ್ಣ ಹವಿಲಿ ಒಂದು ಸಲ, ಒಂದೇ ಒಂದು ಸಲ, ತಾನು ಕೂತಿರುವ ಕೋಣೆಗೆ ಬಂದು ಕೂರಬೇಕು.

ಅವನು ಕೂರುತ್ತಿರಲಿಲ್ಲ. ಅವಳು ಬಂದರೆ ಎದ್ದುಹೋಗುತ್ತಿದ್ದ.

ಚಿಕ್ಕವರಿದ್ದಾಗ ಹೀಗಿರಲಿಲ್ಲ. ಮೂರು ವರ್ಷದ ಅಂತರ, ಒಂದೇ ಚಾಪೆ, ಒಂದೇ ಹೊದಿಕೆ. ಹವಿಲಿ ತೆಂಗಿನಮರ ಹತ್ತಿದರೆ ಕೆಳಗೆ ಎಳನೀರು ಹಿಡಿಯಲು ಲುಪೆ. ಭಾನುವಾರ ಇಬ್ಬರಿಗೂ ಬಿಳಿ ಅಂಗಿ, ಕೊರಳಿಗೆ ಪುಟ್ಟ ಟೈ. ಟೈ ಕಟ್ಟಿಕೊಳ್ಳಲು ಲುಪೆ ಪ್ರತಿ ಸಲ ಅಳುತ್ತಿದ್ದಳು, ಹವಿಲಿ ತನ್ನದನ್ನು ಕಟ್ಟಿಕೊಂಡ ಮೇಲೆ ಇವಳದನ್ನು ಸಡಿಲವಾಗಿ ಕಟ್ಟುತ್ತಿದ್ದ.

ನಮ್ಮನ್ನು ಯಾರೂ ಆಳಲಿಲ್ಲ ಎಂದು ನಮ್ಮವರು ಎದೆ ತಟ್ಟಿ ಹೇಳಿಕೊಳ್ಳುತ್ತಾರೆ. ಸುತ್ತಲಿನ ದ್ವೀಪಗಳನ್ನೆಲ್ಲ ಬಿಳಿಯರು ನುಂಗಿ ನೀರು ಕುಡಿದರಂತೆ, ನಮ್ಮ ರಾಜನ ಕಿರೀಟಕ್ಕೆ ಮಾತ್ರ ಕೈ ಹಾಕಲಿಲ್ಲವಂತೆ. ಇರಬಹುದಪ್ಪ. ಆದರೆ ಈ ಉರಿಬಿಸಿಲಲ್ಲಿ ಮಕ್ಕಳ ಕೊರಳಿಗೆ ಬಿಗಿದ ಟೈ ಯಾರದು? ಕಿರೀಟ ಬಿಟ್ಟು ಕೊರಳು ಹಿಡಿದರು, ಅಷ್ಟೇ ವ್ಯತ್ಯಾಸ.

ಲುಪೆಗೆ ಎಂಟು ವರ್ಷವಿದ್ದಾಗ ಮಾರ್ಮನ್ ಚರ್ಚಿನ ಭಾನುವಾರದ ಪಾಠಕ್ಕೆ ಅಮೆರಿಕದಿಂದ ಒಬ್ಬ ಹೊಸ ಹುಡುಗ ಬಂದಿದ್ದ. ಇನ್ನೂ ಮೀಸೆ ಮೂಡದವನು, ಎಲ್ಲರೂ ಅವನನ್ನು ಹಿರಿಯ ಎಂದು ಕರೆಯಬೇಕು. ನಮ್ಮ ಪೂರ್ವಜರು ದೇವರ ಮಾತು ಮೀರಿದ್ದರಿಂದ ನಮ್ಮ ಚರ್ಮ ಕಪ್ಪಾಯಿತು, ಭಕ್ತಿಯಿಂದ ನಡೆದರೆ ಒಂದು ದಿನ ಬೆಳ್ಳಗಾಗುತ್ತದೆ ಎಂದು ಅವನು ತನ್ನ ಗ್ರಂಥ ತೋರಿಸಿ ನಗುನಗುತ್ತಾ ಹೇಳಿದ. ಲುಪೆಗೆ ಒಂದು ದಿನದವರೆಗೆ ಕಾಯುವ ವ್ಯವಧಾನ ಎಲ್ಲಿಯದು? ದಂಡೆಯಲ್ಲಿ ಬಿದ್ದಿದ್ದ ತೂತುಕಲ್ಲು ತಂದು ಮೊಣಕೈಯಿಂದ ಕೆಳಗೆ ರಕ್ತ ಬರುವ ತನಕ ಉಜ್ಜಿಕೊಂಡಳು. ಹವಿಲಿ ನೋಡಿ ಕಲ್ಲು ಕಿತ್ತುಕೊಂಡು ಸಮುದ್ರಕ್ಕೆ ಎಸೆದ. ಸೊಪ್ಪು ಜಗಿದು ಗಾಯಕ್ಕೆ ಹಚ್ಚಿದ.

"ಕಪ್ಪಿರೋದೇ ಒಳ್ಳೇದು ಕಣೋ, ಪೆದ್ದ. ಕತ್ತಲಲ್ಲಿ ಮೀನು ಹಿಡಿಯೋಕೆ ಹೋದ್ರೆ ಮೀನಿಗೆ ನಾವು ಕಾಣಲ್ಲ. ಆ ಹಿರಿಯನ್ನ ಕರ್ಕೊಂಡು ಹೋಗು, ಒಂದು ಮೀನಾದ್ರೂ ಬರುತ್ತಾ ನೋಡು."

ಆ ಗಾಯದ ಕಲೆ ಇನ್ನೂ ಅವಳ ಕೈಮೇಲೆ ಇದೆ. ಸುತ್ತಲಿನ ಚರ್ಮಕ್ಕಿಂತ ಅದೇ ಹೆಚ್ಚು ಕಪ್ಪು.

ಹವಿಲಿ ಹತ್ತೊಂಬತ್ತಕ್ಕೆ ಧರ್ಮಪ್ರಚಾರಕ್ಕೆಂದು ಅಮೆರಿಕದ ಯೂಟಾಗೆ, ಆ ಚರ್ಚಿನ ಮೂಲ ನೆಲೆಗೆ, ಹೋದ. ತಾಯಿ ನಾರುಬಟ್ಟೆ ಮಾರಿ ಅವನ ಸೂಟು ಹೊಲಿಸಿದಳು. ಎರಡು ವರ್ಷ ಆದಮೇಲೆ ಅವನು ಹಿಂದಿರುಗಿದಾಗ ಇಂಗ್ಲಿಷು ಅರಳು ಹುರಿದಂತೆ ಮಾತಾಡುತ್ತಿದ್ದ, ನಮ್ಮ ಮಾತು ಕಡಿಮೆಯಾಗಿತ್ತು. ಅಲ್ಲಿ ಏನಾಯಿತು ಎಂದು ಯಾರಿಗೂ ಹೇಳಲಿಲ್ಲ. ಇತ್ತ ಲುಪೆಯ ಕೂದಲು ಬೆನ್ನಿಗೆ ಇಳಿದಿತ್ತು, ಅವಳು ಹೆಂಗಸರ ನಡುವೆ ಹೆಂಗಸಾಗಿ ಬೆಳೆದಿದ್ದಳು. ತಾಯಿ ನೋಡಿಯೂ ನೋಡದವಳಂತೆ ಇದ್ದುಬಿಟ್ಟಿದ್ದಳು.

ಹವಿಲಿ ಬಂದ ಮರುವರ್ಷದ ಒಂದು ಭಾನುವಾರ. ಲುಪೆಗೆ ಆಗ ಹತ್ತೊಂಬತ್ತು. ತಾನೇ ಹೊಲಿದುಕೊಂಡ ನೀಲಿ ಉಡುಪು ಉಟ್ಟು, ಮರ್ಯಾದೆಗೆಂದು ನಮ್ಮವರೆಲ್ಲ ಸುತ್ತುವಂತೆ ಸೊಂಟಕ್ಕೆ ಚಾಪೆ ಸುತ್ತಿ, ಮೊದಲ ಸಲ ಅವಳು ಚರ್ಚಿಗೆ ಹಾಗೆಯೇ ಹೋದಳು. ದೊಡ್ಡ ಪ್ರಾರ್ಥನೆ ಮುಗಿದಮೇಲೆ ಗಂಡಸರು ಒಂದು ಕೋಣೆಗೆ, ಹೆಂಗಸರು ಇನ್ನೊಂದಕ್ಕೆ. ಲುಪೆ ತಾಯಿಯ ಪಕ್ಕ ಹೆಂಗಸರ ಕೋಣೆಯಲ್ಲಿ ಕೂತಳು. ಹೌಕಿ ಸರಿದು ಜಾಗ ಕೊಟ್ಟಳು. ಯಾರೂ ಏನೂ ಅನ್ನಲಿಲ್ಲ. ಅನ್ನುತ್ತಲೂ ಇರಲಿಲ್ಲವೇನೋ. ಆದರೆ ಅವತ್ತೇ ಅಮೆರಿಕದಿಂದ ಒಬ್ಬ ದೊಡ್ಡ ಅಧಿಕಾರಿ ಬಂದಿದ್ದ. ಅವನು ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿ, ಲುಪೆಯ ಮೇಲೆ ಕಣ್ಣು ನೆಟ್ಟ. ಅವನಿಗೆ ನಮ್ಮ ಮಾತು ಬಾರದು. ಪಕ್ಕದಲ್ಲಿ ಇಂಗ್ಲಿಷು ಬಲ್ಲ ಹವಿಲಿ ಇದ್ದ. ಅವನ ಕಿವಿಯಲ್ಲಿ ಏನೋ ಹೇಳಿ, ಹೇಳು ಎಂಬಂತೆ ಬೆನ್ನು ತಟ್ಟಿದ.

ಏನು ಹೇಳಿದ ಎಂಬುದು ಎಲ್ಲರಿಗೂ ಗೊತ್ತಾಯಿತು. ನಿನ್ನ ತಮ್ಮನನ್ನು ಗಂಡಸರ ಕೋಣೆಗೆ ಕರೆ, ಇನ್ನೇನು?

ಹವಿಲಿ ಹೊಸ್ತಿಲ ಮೇಲೆ ನಿಂತ. ಬಾಯಿ ತೆರೆದ. ಲುಪೆಯನ್ನು ನೋಡಿದ. ನೀಲಿ ಉಡುಪು ನೋಡಿದ, ಕೂದಲಲ್ಲಿದ್ದ ಹೂವು ನೋಡಿದ. ಆಮೇಲೆ ತಲೆ ತಗ್ಗಿಸಿ, ಒಂದು ಮಾತೂ ಆಡದೆ, ಬೆನ್ನು ತಿರುಗಿಸಿ ಹೊರಟುಹೋದ. ಕೊನೆಗೆ ಬೇರೆ ಯಾರೋ ಬಂದು ಆ ಮಾತು ಹೇಳಿದರು. ಲುಪೆ ಎದ್ದಳು, ಗಂಡಸರ ಕೋಣೆಗೆ ಹೋಗಲಿಲ್ಲ, ಮನೆಗೆ ಹೋದಳು. ಮತ್ತೆ ಆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ.

ಅಧಿಕಾರಿಯ ಮಾತು ಅವಳಿಗೆ ಅಷ್ಟು ನಾಟಲಿಲ್ಲ. ದೂರದವನು, ಬಂದ, ಹೋದ. ಎದೆಗೆ ಚುಚ್ಚಿದ್ದು ಅಣ್ಣನ ಬೆನ್ನು.

ಅವತ್ತಿನಿಂದ ಹವಿಲಿಗೆ ಅದೇ ಅಭ್ಯಾಸವಾಯಿತು. ಲುಪೆ ತಾಯಿಯ ಮನೆಗೆ ಕಾಲಿಟ್ಟರೆ ಅವನು ಹಿತ್ತಿಲ ಬಾಗಿಲಿಂದ ಆಚೆ. ಅಂಗಡಿಯಲ್ಲಿ ಎದುರಾದರೆ ಕೊಂಡದ್ದನ್ನು ಅಲ್ಲೇ ಬಿಟ್ಟು ನಡೆದುಬಿಡುತ್ತಿದ್ದ. ಹೌಕಿಯ ಮನೆಯಲ್ಲಿ ಊರಿಗೆ ಮೊದಲ ಟೀವಿ ಬಂದಾಗ ಎಲ್ಲರೂ ರಗ್ಬಿ ನೋಡಲು ಸೇರಿದ್ದರು. ಲುಪೆ ಬಾಗಿಲಲ್ಲಿ ಕಂಡದ್ದೇ ತಡ, ಪಂದ್ಯ ಇನ್ನೂ ಅರ್ಧ ಇರುವಾಗಲೇ ಹವಿಲಿ ಎದ್ದ. "ಟೊಂಗಾ ಗೆಲ್ಲೋ ಹೊತ್ತಲ್ಲಿ ಎಲ್ಲಿಗೋ?" ಎಂದು ಗಂಡಸರು ಕೂಗಿದರು. ಅವನು ತಿರುಗಿ ನೋಡಲಿಲ್ಲ.

ಅಣ್ಣ ಎದ್ದುಹೋಗುವುದು ನಮಗೆ ಹೊಸದಲ್ಲ. ಅಕ್ಕತಂಗಿಯರಿರುವ ಕೋಣೆಯಲ್ಲಿ ವಯಸ್ಸಿಗೆ ಬಂದ ಅಣ್ಣತಮ್ಮಂದಿರು ಕೂರುವುದಿಲ್ಲ, ಅವರೆದುರು ಪೋಲಿ ಮಾತಾಡುವುದಿಲ್ಲ, ಅವರನ್ನು ಮುಟ್ಟುವುದಿಲ್ಲ. ಅದು ಹೆಣ್ಣುಮಕ್ಕಳಿಗೆ ಸಲ್ಲುವ ಮರ್ಯಾದೆ, ಬಿಳಿಯರ ಹಡಗು ಬರುವ ಮುಂಚಿನಿಂದ ಇದ್ದದ್ದು. ಗಂಡುಮಕ್ಕಳಿಬ್ಬರ ನಡುವೆ ಅಂಥದ್ದೇನೂ ಇಲ್ಲ. ಅವರು ಒಟ್ಟಿಗೆ ಕೂರುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ಬೈದಾಡುತ್ತಾರೆ. ಗಂಡಸು ತಮ್ಮನನ್ನು ಕಂಡು ಎದ್ದುಹೋದ ಅಂದರೆ ಮುಖ ನೋಡಲು ಅಸಹ್ಯ ಎಂದೇ ಲೆಕ್ಕ. ಇಡೀ ಊರು ಹಾಗೇ ತಿಳಿಯಿತು. ಮುಂದೆ ಹವಿಲಿ ಊರಿನ ಸಭೆಗೆ ಬಿಷಪ್ಪನಾದಮೇಲಂತೂ ಕೇಳುವುದೇ ಬೇಡ. ಆ ಚರ್ಚಿನಲ್ಲಿ ಬಿಷಪ್ಪನೆಂದರೆ ಹೆಂಡತಿ, ಮಕ್ಕಳು, ಹೊಲ ಇರುವ ಊರಿನವನೇ, ಕೆಲವು ವರ್ಷಕ್ಕೊಬ್ಬ. "ಬಿಷಪ್ಪು ಬಲು ಕಟ್ಟುನಿಟ್ಟು ಕಣ್ರೀ, ಸ್ವಂತ ತಮ್ಮನ್ನೂ ಹತ್ರ ಸೇರಿಸಲ್ಲ" ಎಂದು ಮೆಚ್ಚಿದರು. ಪಕ್ಕದ ಊರಿನ ಲೇತಿಗೆ ಅಣ್ಣಂದಿರು ಬಡಿದು ಹಲ್ಲು ಉದುರಿಸಿದ್ದರು. ನಿನ್ನಣ್ಣ ಕೈಯಂತೂ ಎತ್ತಿಲ್ಲವಲ್ಲ, ಪುಣ್ಯ ಅನ್ನು ಎಂದು ಲುಪೆಗೇ ಸಮಾಧಾನ ಹೇಳಿದವರೂ ಉಂಟು. ಹೊಡೆದಿದ್ದರೆ ಮುಟ್ಟಿದ ಹಾಗಾದರೂ ಆಗುತ್ತಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಇನ್ನು ಗೆಣಸಿನ ಕಥೆ. ಪ್ರತಿ ವರ್ಷ ಹೊಲದ ಮೊದಲ ಗೆಣಸು ಅಗೆದ ದಿನ ಬೆಳಿಗ್ಗೆ ಲುಪೆಯ ಮೆಟ್ಟಿಲ ಮೇಲೆ ತೆಂಗಿನಗರಿಯ ಒಂದು ಬುಟ್ಟಿ ಇರುತ್ತಿತ್ತು. ತೊಡೆ ದಪ್ಪದ ಗೆಣಸು, ಒಂದಕ್ಕೂ ಗುದ್ದಲಿ ತಾಗಿದ ಗಾಯವಿರದು. ಬುಟ್ಟಿ ಇಡುವವನು ಹೊರಗೆ ಒಮ್ಮೆ ಕೆಮ್ಮುತ್ತಿದ್ದ. ಅವಳು ಬಾಗಿಲು ತೆರೆಯುವಷ್ಟರಲ್ಲಿ ಹವಿಲಿಯ ಬೆನ್ನು ದಾರಿಯ ತಿರುವಿನಲ್ಲಿ ಮರೆಯಾಗುತ್ತಿತ್ತು. ಬಡವರಿಗೆ ಆಹಾರ ಹಂಚುವುದು ಚರ್ಚಿನವರ ಕೆಲಸ. ಹಾಗಾದರೆ ತಾನು ಆ ಪಟ್ಟಿಯಲ್ಲಿ ಸೇರಿದೆ ಎಂದುಕೊಂಡಳು. ಹೊಟ್ಟೆ ಉರಿದುಹೋಯಿತು. ಮೊದಲ ಎರಡು ವರ್ಷ ಇಡೀ ಬುಟ್ಟಿಯನ್ನು ಹಂದಿಗೆ ಸುರಿದಳು. ಹೌಕಿ ಒಮ್ಮೆ ಬೇಲಿಯಾಚೆಯಿಂದ ನೋಡಿ, "ಅಯ್ಯೋ ನಿನ್ನ! ಇಂಥ ಗೆಣಸನ್ನ ಹಂದಿಗೆ ಹಾಕ್ತೀಯಲ್ಲೇ, ಹಂದೀನೂ ಹೆದರ್ಕೊಂಡು ತಿಂತಾ ಇದೆ!" ಎಂದು ಬಾಯಿ ಬಡಿದುಕೊಂಡಳು. ಯಾರು ಕೊಟ್ಟದ್ದೆಂದು ಲುಪೆ ಹೇಳಲಿಲ್ಲ. ಮೂರನೆಯ ವರ್ಷ ಬಿರುಗಾಳಿಗೆ ದೀವಿಹಲಸೆಲ್ಲ ಉದುರಿಹೋಗಿ ತಿನ್ನಲು ಏನೂ ಇರಲಿಲ್ಲ. ಅಳುತ್ತಾ ಬೇಯಿಸಿದಳು, ಅಳುತ್ತಾ ತಿಂದಳು. ರುಚಿಯಾಗಿತ್ತು, ಅದೊಂದು ಬೇರೆ ಸಂಕಟ.

ಭಾನುವಾರಗಳೇ ಕಷ್ಟ. ನಮ್ಮಲ್ಲಿ ಭಾನುವಾರ ಕೆಲಸ ಮಾಡುವಂತಿಲ್ಲ, ಕೊಡತಿ ಎತ್ತುವಂತಿಲ್ಲ, ಬಟ್ಟೆ ಒಗೆದು ಹರವುವಂತಿಲ್ಲ. ಊರಿಗೆ ಊರೇ ಬಿಳಿ ಉಟ್ಟು ಚರ್ಚಿಗೆ ಹೋಗುತ್ತದೆ. ಅವರು ಹೋಗುವ ಮುನ್ನ ಮುಚ್ಚಿಟ್ಟ ಕುಳಿಯೊಲೆಗಳಿಂದ ಕೆಸವಿನೆಲೆಯಲ್ಲಿ ತೆಂಗಿನ ಹಾಲಿನ ಜೊತೆ ಬೇಯುವ ಮಾಂಸದ ವಾಸನೆ ಮಾತ್ರ ಊರಲ್ಲಿ ಉಳಿದಿರುತ್ತದೆ. ಲುಪೆಗೆ ಹಾಡುಗಳೆಲ್ಲ ಬಾಯಿಗೆ ಬರುತ್ತವೆ. ಕಿಟಕಿಯ ಹತ್ತಿರ ಕೂತು, ದೂರದ ಗಾಯನಕ್ಕೆ ತಾನೂ ಮೆಲ್ಲಗೆ ದನಿಗೂಡಿಸುತ್ತಾಳೆ, ಹೆಂಗಸರ ಮೇಲು ದನಿಯಲ್ಲಿ. ದೇವರನ್ನು ಅವಳು ಬಿಟ್ಟಿರಲಿಲ್ಲ. ದೇವರಿಗೂ ಅವಳಿಗೂ ನಡುವೆ ಯಾರೋ ಸೂಟು ಹಾಕಿಕೊಂಡು ನಿಂತುಬಿಟ್ಟಿದ್ದರು.

ಮೂವತ್ತೊಂದು ವರ್ಷ ಹೀಗೆ. ಆಮೇಲೆ ಒಂದು ಶುಕ್ರವಾರ ಗೆಣಸಿನ ಹೊಲದಲ್ಲಿ ಹವಿಲಿಯ ಎದೆ ನಿಂತುಹೋಯಿತು. ಐವತ್ತಮೂರು. ನೆಯಾಫುವಿನ ಆಸ್ಪತ್ರೆಗೆ ಒಯ್ಯುವ ಮೊದಲೇ ಮುಗಿದಿತ್ತು.

ಶನಿವಾರ ಬೆಳಿಗ್ಗೆ ಲುಪೆಯ ಬಾಗಿಲಿಗೆ ಬಂದವನು ಬಿಷಪ್ ಮಾಫಿ. ಹವಿಲಿಯ ಅವಧಿ ಮುಗಿದಮೇಲೆ ಆ ಸ್ಥಾನಕ್ಕೆ ಬಂದವನು, ನಲವತ್ತರ ಪ್ರಾಯ, ಕೆಟ್ಟವನಲ್ಲ. ಹೊಸ್ತಿಲಾಚೆ ನಿಂತು ಬೆವರು ಒರೆಸಿಕೊಂಡ.

"ಲೂಪೆನಿ, ದುಃಖದಲ್ಲಿದೀಯ, ಗೊತ್ತು. ನೋಡಯ್ಯ, ಅಣ್ಣನಿಗೆ ಒಬ್ಬನೇ ತಮ್ಮ ನೀನು. ಪೆಟ್ಟಿಗೆ ಹೊರೋ ಆರು ಜನರಲ್ಲಿ ಮುಂದಿನ ಜಾಗ ನಿಂಗೇ ಇಟ್ಟಿದೀನಿ. ಎಲ್ಲರಿಗೂ ಒಪ್ಪಿಗೆ ಇದೆ."

ಲುಪೆ ಹೊಸ್ತಿಲ ತನಕ ಬಂದಳು. "ನಾನು... ಅಣ್ಣನ್ನ ಹೊರಬಹುದಾ?"

"ಹೊರಬಹುದು. ಪ್ಯಾಂಟು, ಬಿಳಿ ಅಂಗಿ, ಟೈ. ಕೂದಲು ಮಾತ್ರ..." ಅವನು ತನ್ನ ಕತ್ತಿನ ಹಿಂದೆ ಬೆರಳು ಎಳೆದು ತೋರಿಸಿದ. "ಇಷ್ಟು. ಒಂದು ದಿನದ ಮಟ್ಟಿಗೆ ಕಣಯ್ಯ. ಅವರ ಆತ್ಮಕ್ಕೂ ಸಂತೋಷ ಆಗುತ್ತೆ."

ಅವನು ಹೋದಮೇಲೆ ಅವಳು ಕತ್ತರಿ ತೆಗೆದಳು. ನಾರುಬಟ್ಟೆಯ ಅಂಚು ಕತ್ತರಿಸುವ ದೊಡ್ಡ ಕತ್ತರಿ. ಜಡೆಯನ್ನು ಎಡಗೈಯಲ್ಲಿ ಹಿಡಿದಳು. ಒಂದು ಸಲ ಕತ್ತರಿಸಿದರೆ ಮುಗಿಯಿತು. ಅಣ್ಣನ ಭಾರ ಹೆಗಲ ಮೇಲೆ ಬರುತ್ತದೆ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಹತ್ತಿರ ನಿಲ್ಲದವನು ಅವತ್ತು ಎದ್ದುಹೋಗುವಂತಿಲ್ಲ. ಸ್ಮಶಾನದ ತನಕ ಅವಳ ಹೆಗಲ ಮೇಲೇ ಇರುತ್ತಾನೆ. ಕೂದಲು ಮತ್ತೆ ಬೆಳೆದೀತು, ಅಣ್ಣ ಮತ್ತೆ ಸಿಗುತ್ತಾನೆಯೇ? ಕತ್ತರಿಯ ಬಾಯಿ ಜಡೆಗೆ ತಾಗಿತು. ಆಗ ಅವಳ ಕಣ್ಣು ಮೊಣಕೈಯ ಕೆಳಗಿನ ಕಪ್ಪು ಕಲೆಯ ಮೇಲೆ ಬಿತ್ತು. ಒಂದು ಸಲ ಅವರ ಮಾತು ಕೇಳಿ ಮೈ ಉಜ್ಜಿಕೊಂಡದ್ದಾಗಿದೆ. ಅವತ್ತು ಕಲ್ಲು ಕಿತ್ತು ಎಸೆದವನೇ ಈಗ ಪೆಟ್ಟಿಗೆಯಲ್ಲಿ ಮಲಗಿದ್ದಾನೆ.

ಕತ್ತರಿಯನ್ನು ಚಾಪೆಯ ಕೆಳಗೆ ತುರುಕಿದಳು. ಮನೆಯಲ್ಲಿದ್ದ ಚಾಪೆಗಳಲ್ಲಿ ಅತ್ಯಂತ ಹರಕು ಯಾವುದೋ ಅದನ್ನು ಸೊಂಟಕ್ಕೆ ಸುತ್ತಿಕೊಂಡಳು. ಸತ್ತವನಿಗಿಂತ ಕೆಳಗಿನವರು, ಅಂದರೆ ತಮ್ಮಂದಿರು, ತಮ್ಮಂದಿರ ಮಕ್ಕಳು ಉಡುವುದು ಅದನ್ನೇ. ಅವರು ಹಿತ್ತಿಲಲ್ಲಿ ಒಲೆ ನೋಡಬೇಕು, ಬಂದವರಿಗೆ ಬೇಯಿಸಬೇಕು, ಶವದ ಹತ್ತಿರ ಸುಳಿಯಬಾರದು. ಪ್ಯಾಂಟು ಹಾಕಲೊಲ್ಲದ ತಮ್ಮನಿಗೆ ಇದ್ದ ಜಾಗ ಅದೊಂದೇ.

ಹವಿಲಿಯ ಹಿತ್ತಿಲಲ್ಲಿ ಮೂರು ಒಲೆ ಹೊಗೆಯಾಡುತ್ತಿದ್ದವು. ಲುಪೆ ಕೂತು ಕೆಸವಿನ ಗೆಡ್ಡೆ ಹೆರೆಯತೊಡಗಿದಳು. ಒಳಗಿಂದ ಹಾಡು ಕೇಳುತ್ತಿತ್ತು. ಜನ ಚಾಪೆ ಹೊತ್ತು, ನಾರುಬಟ್ಟೆಯ ಸುರುಳಿ ಹೊತ್ತು ಸಾಲಾಗಿ ಮುಂಬಾಗಿಲಿಗೆ ಬರುತ್ತಿದ್ದರು. ಆ ಸುರುಳಿಗಳಲ್ಲಿ ಅರ್ಧ ಅವಳೇ ಬಡಿದದ್ದು. ಬಟ್ಟೆಗೆ ಒಳಗೆ ಪ್ರವೇಶ ಇತ್ತು.

ಒಂಬತ್ತರ ಸುಮಾರಿಗೆ ಹಾಡು ನಿಂತಿತು. ಹಿತ್ತಿಲ ಬಾಗಿಲು ತೆರೆದು ಹವಿಲಿಯ ಮಗಳು ಅಲಿಸಿ ಹೊರಬಂದಳು. ಇಪ್ಪತ್ತನಾಲ್ಕರ ಹುಡುಗಿ, ಅತ್ತು ಅತ್ತು ಕಣ್ಣು ಬಾತಿತ್ತು. ಹಿಂದೆಯೇ ಬಿಷಪ್ ಮಾಫಿ, ಅವನ ಹಿಂದೆ ಕೋಲೂರಿಕೊಂಡು ಹೌಕಿ ಅಜ್ಜಿ. ಅಲಿಸಿ ನೇರ ಬಂದು, ಬೂದಿಯಲ್ಲೇ ಮಂಡಿಯೂರಿ, ಲುಪೆಯ ಮುಂದೆ ತಲೆ ತಗ್ಗಿಸಿ ಕೂತಳು.

"ಅತ್ತೆ, ಏಳಿ. ಒಳಗೆ ನಿಮ್ಮ ಜಾಗ ಖಾಲಿ ಇದೆ."

ಲುಪೆ ಗೆಡ್ಡೆ ಕೆಳಗಿಟ್ಟಳು. ಹುಟ್ಟಿದಾಗಿನಿಂದ ಈ ಹುಡುಗಿ ತನ್ನನ್ನು ಏನೂ ಎಂದು ಕರೆದಿರಲಿಲ್ಲ. "ಏನಂದೆ?"

"ಗಂಡಸು ಸತ್ರೆ ತಲೆದೆಸೆಗೆ ಅವನ ಅಕ್ಕನೋ ತಂಗಿಯೋ ಕೂರ್ಬೇಕು. ಅಪ್ಪಂಗೆ ಇರೋದು ನೀವೊಬ್ರೇ. ನೀವು ಬಂದು ಕೂರದೆ ಪ್ರಾರ್ಥನೆ ಶುರು ಮಾಡೋ ಹಾಗಿಲ್ಲ, ಅಪ್ಪ ಹೇಳಿದಾರೆ."

"ಅಲಿಸಿ, ತಾಳಮ್ಮ," ಬಿಷಪ್ ಮಾಫಿ ಮುಂದೆ ಬಂದ. "ನೆಯಾಫುವಿಂದ ನಿಮ್ಮಪ್ಪನ ದೊಡ್ಡಪ್ಪನ ಮಗಳನ್ನ ಕರೆಸೋಣ. ಲೂಪೆನಿ ನಮ್ಮ ದಾಖಲೆಯಲ್ಲಿ..."

"ದಾಖಲೆ ಚರ್ಚಲ್ಲಿರಲಿ ಬಿಷಪ್. ಇದು ನಮ್ಮ ಮನೆ. ಒಳಗೆ ಹಾಸಿರೋ ಚಾಪೆ ನಮ್ಮದು."

"ನಿಮ್ಮಪ್ಪ ಯಾವಾಗ ಹೇಳಿದ್ರು?" ಲುಪೆ ಕೇಳಿದಳು.

ಅಲಿಸಿ ತಲೆ ಎತ್ತದೆ ಹೇಳಿದಳು. "ಹೋದ ವರ್ಷ ಎದೆ ನೋವು ಬಂದಾಗ. ಯೂಟಾದಲ್ಲಿ ಅವರ ಮನೆ ಮನೆ ಊಟದಲ್ಲೂ ಅಪ್ಪನ ಸೂಟು ಬಿಚ್ಚಿಸಿ, ಎಲೆ ಸುತ್ತಿಸಿ ಕುಣಿಸ್ತಿದ್ರಂತೆ. ಕುಣಿದಾದ್ಮೇಲೆ ಕೆನ್ನೆ ತಟ್ಟಿ, ನೀನೂ ಒಂದಿನ ಬೆಳ್ಳಗಾಗ್ತೀಯ ಅಂತಿದ್ರಂತೆ. ಅವರು ಕೊಟ್ಟ ಬಟ್ಟೆ ಅವರೇ ಬಿಚ್ಚಿಸಿದ್ರು ಅಂತ ಅಪ್ಪ ನಗ್ತಿದ್ರು. ವಾಪಸ್ ಬಂದ್ಮೇಲೆ, ಆ ಭಾನುವಾರ, ನಿಮ್ಮನ್ನ ಎಬ್ಬಿಸು ಅಂತ ಅಪ್ಪಂಗೆ ಹೇಳಿದ್ರಲ್ಲ. ಹೊಸ್ತಿಲಲ್ಲಿ ನಿಂತು ನೋಡಿದ್ರೆ ಅಲ್ಲಿ ತಮ್ಮ ಇರ್ಲಿಲ್ಲವಂತೆ. ತಂಗಿ ಕೂತಿದ್ಲಂತೆ. ತಂಗಿ ಇರೋ ಕೋಣೇಲಿ ನಾನು ಹೆಂಗೆ ನಿಲ್ಲಲಿ ಅಂತ ಹೊರಟುಬಂದೆ ಅಂದ್ರು. ಅವತ್ತಿಂದ ಒಂದಿನಾನೂ ಆ ಮರ್ಯಾದೆ ತಪ್ಪಿಸಿಲ್ಲ ಅಂದ್ರು. ಬಾಯಲ್ಲಿ ಹೇಳೋ ಧೈರ್ಯ ಇರ್ಲಿಲ್ಲ, ಕಾಲಲ್ಲಿ ಹೇಳ್ದೆ, ಅವಳಿಗೆ ಗೊತ್ತಾಗಿರುತ್ತೆ ಅಂದ್ರು."

"ಮತ್ತೆ ಗೆಣಸು?"

"ಮೊದಲ ಗೆಣಸು ತಂಗಿ ಮನೆಗೆ ಅಲ್ದೆ ಇನ್ಯಾರ ಮನೆಗೆ ಹೋಗುತ್ತೆ, ಅತ್ತೆ?"

ಲುಪೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಹಂದಿಗೆ ಸುರಿದಿದ್ದಳು. ಎರಡು ವರ್ಷ, ಇಡೀ ಬುಟ್ಟಿ.

ಹೇಡಿ! ಇನ್ನೇನೆಂದು ಕರೆಯುವುದು ಅವನನ್ನು? ಬಾಯಿಬಿಟ್ಟು ಒಂದು ಮಾತು, ತಂಗಿ ಎಂಬ ಒಂದೇ ಮಾತು ಆಡಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತು? ಹೋಗುತ್ತಿತ್ತು, ಬಿಷಪ್ ಪಟ್ಟ ಹೋಗುತ್ತಿತ್ತು. ಚರ್ಚಿನವರು ಅವನು ತಮ್ಮನನ್ನು ದೂರವಿಟ್ಟ ಎಂದುಕೊಂಡರು, ಅವನು ತಂಗಿಗೆ ಮರ್ಯಾದೆ ಕೊಟ್ಟೆ ಎಂದುಕೊಂಡ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಡುವೆ ಒಬ್ಬಳು ಒಂದೇ ಕೋಣೆಯಲ್ಲಿ ಮೂವತ್ತೊಂದು ವರ್ಷ ಸವೆದಳು.

ಬಿಷಪ್ ಮಾಫಿ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಹೌಕಿ ಅಜ್ಜಿ ಅವನನ್ನು ಕೋಲಿನಿಂದ ಬದಿಗೆ ಸರಿಸಿದಳು. "ಸರಿಯೋ ಮಗನೇ. ನಿಮ್ಮಪ್ಪ ಹುಟ್ಟಿದಾಗ ಹೊಕ್ಕುಳಬಳ್ಳಿ ಕತ್ತರಿಸಿದ್ದು ನಮ್ಮಮ್ಮ, ನಂಗೆ ನೀನು ಪಾಠ ಹೇಳ್ಬೇಡ." ಲುಪೆಯ ಸೊಂಟದಿಂದ ಹರಕು ಚಾಪೆಯನ್ನು ಎಳೆದು ಒಲೆಯ ಪಕ್ಕ ಎಸೆದಳು. ತನ್ನ ಸೊಂಟದಲ್ಲಿದ್ದದ್ದನ್ನು ಬಿಚ್ಚಿದಳು. ಅವಳ ಅಜ್ಜಿಯ ಕಾಲದ್ದು, ನೂರು ವರ್ಷ ಮಡಿಸಿಟ್ಟು ಬಟ್ಟೆಯಷ್ಟು ಮೆತ್ತಗಾದ ಚಾಪೆ. ಅದನ್ನು ಲುಪೆಗೆ ಸುತ್ತಿ ಬಿಗಿದಳು. "ನಾವೂ ಕುರುಡಿಯರೇ ಕಣೇ. ಊರೆಲ್ಲ ನೋಡ್ತಾ ಇದ್ವಿ, ಒಬ್ಬರಿಗೂ ಹೊಳೀಲಿಲ್ಲ. ನಡಿ."

ಒಳಗೆ ಹೋದಾಗ ಗೋಡೆಗೊರಗಿ ಕೂತಿದ್ದ ಹೆಂಗಸರು ದಾರಿ ಬಿಟ್ಟರು. ಹವಿಲಿಯ ಹೆಂಡತಿ ಎಮೆಲೀನೆ ತಲೆ ಎತ್ತಿ ನೋಡಿ, ಮತ್ತೆ ತಗ್ಗಿಸಿ, ಕಾಲ್ದೆಸೆಗೆ ಸರಿದು ಕೂತಳು. ಚರ್ಚಿನ ಬಿಳಿ ಉಡುಪಿನಲ್ಲಿ ಹವಿಲಿ ತೆರೆದ ಪೆಟ್ಟಿಗೆಯಲ್ಲಿ ಮಲಗಿದ್ದ. ಮೈಕೆಳಗೆ ಹತ್ತು ಮಾರು ನಾರುಬಟ್ಟೆ. ಲುಪೆ ತಲೆದೆಸೆಯಲ್ಲಿ ಕೂತಳು. ಅಲಿಸಿ ಒಂದು ಚಾಪೆಯ ಅಂಚನ್ನು ತಂದು ಅವಳ ಮಂಡಿಗೆ ತಾಗಿಸಿಟ್ಟಳು. ತಲೆದೆಸೆಗೆ ಕೂತ ತಂಗಿಯಾಗಿ ಅವತ್ತು ಆ ಮನೆಗೆ ಲುಪೆಯೇ ದೊರೆ, ಯಾರಿಗೆ ಯಾವ ಚಾಪೆ, ಶವ ಯಾವಾಗ ಏಳಬೇಕು, ಎಲ್ಲ ಅವಳ ಮಾತು. ಬಿಷಪ್ ಮಾಫಿ ಬಾಗಿಲಲ್ಲಿ ಅಪ್ಪಣೆಗಾಗಿ ಕಾದು ನಿಂತ. ಅವಳು ತಲೆಯಾಡಿಸಿದಮೇಲೆ ಪ್ರಾರ್ಥನೆ ಶುರುಮಾಡಿದ.

ಕೋಣೆಯಲ್ಲಿ ಅವಳಿದ್ದಳು, ಅವನಿದ್ದ. ಅವನು ಎದ್ದುಹೋಗಲಿಲ್ಲ.

ಇಷ್ಟು ಹತ್ತಿರದಿಂದ ನೋಡಿದ್ದು ಯಾವ ಕಾಲಕ್ಕೋ. ಕಿವಿಯ ಮೇಲೆ ಕೂದಲು ನರೆತಿತ್ತು. ಉಗುರಿನ ಸಂದಿಯಲ್ಲಿ ಹೊಲದ ಮಣ್ಣು ಇನ್ನೂ ಉಳಿದಿತ್ತು, ತೊಳೆದವರು ಸರಿಯಾಗಿ ತೊಳೆದಿರಲಿಲ್ಲ. ಯಾರೋ ಅವನ ಟೈಯನ್ನು ಬಿಗಿಯಾಗಿ ಕಟ್ಟಿದ್ದರು. ಸ್ವಲ್ಪ ಸಡಿಲ ಮಾಡಬೇಕು ಎನ್ನಿಸಿ ಲುಪೆಯ ಕೈ ತಾನಾಗಿಯೇ ಮುಂದೆ ಹೋಯಿತು. ಈಗೀಗ ಎಷ್ಟೋ ಮನೆಗಳಲ್ಲಿ ತಂಗಿಯರೂ ಅಣ್ಣನ ಹಣೆ ಮುಟ್ಟಿ ಅಳುತ್ತಾರೆ, ಯಾರೂ ಬೇಡವೆನ್ನರು. ಎದುರಿಗಿದ್ದ ಹೌಕಿಯೂ ಬೇಕಾದರೆ ಮುಟ್ಟು ಎಂಬಂತೆ ಕಣ್ಣಲ್ಲೇ ಹೇಳಿದಳು. ಹೆಗಲು ಕೊಡುವುದನ್ನು ಬಿಟ್ಟುಕೊಟ್ಟು ಬಂದವಳಿಗೆ ಒಂದು ಬೆರಳಾದರೂ ತಾಗಿಸುವ ಆಸೆ ಎಷ್ಟರ ಮಟ್ಟಿಗಿತ್ತು ಎಂದು ಹೇಳಲಾರೆ. ಬಾಯಿಗೂ ಬಂದಿತ್ತು, ಎಲ್ಲರನ್ನೂ ನಗಿಸುವ ಬಾಯಿಗೆ, ಅವನಿಗೆಂದೇ ಒಂದು ಒಳ್ಳೆಯ ಬೈಗುಳ.

ಕೈ ಅರ್ಧ ದಾರಿಯಲ್ಲೇ ನಿಂತಿತು. ತಂಗಿ ಅಣ್ಣನನ್ನು ಮುಟ್ಟುವುದಿಲ್ಲ, ಅವನೆದುರು ಹಗುರ ಮಾತಾಡುವುದಿಲ್ಲ. ಅವನು ಮೂವತ್ತೊಂದು ವರ್ಷ ಒಂದು ದಿನವೂ ತಪ್ಪದೆ ನಡೆಸಿದ್ದನ್ನು ಅವಳು ಮೊದಲ ದಿನವೇ ಮುರಿಯುವುದು ಹೇಗೆ?

ಅವಳು ಕೈಯನ್ನು ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬೈಗುಳ ನುಂಗಿದಳು. ಆರು ಜನ ಗಂಡಸರು ಬಂದು ಪೆಟ್ಟಿಗೆ ಎತ್ತುವ ತನಕ ಹಾಗೆಯೇ ಕೂತಿದ್ದಳು.